ಅಪ್ಪನ ಯೂರಿನ್ ಕಲ್ಚರ್‌ನಲ್ಲಿ ಎಂಟೆರೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಂದಿದೆ, ಸುಮಾರು ಔಷಧಿಗಳ ಮುಂದೆ 'ಆರ್' ಅಂತ ಇದೆ. ಇದು ಔಷಧಿಗಳಿಗೆ ಬಗ್ಗದ ಸೂಪರ್‌ಬಗ್ಗಾ?

ನೀವು ಬರೆದದ್ದರಿಂದ ನನಗೆ ತಿಳಿದದ್ದು ಇಷ್ಟು. ಡೊಂಬಿವಲಿಯಲ್ಲಿದ್ದೀರಿ. ಆಸ್ಪತ್ರೆಯಲ್ಲಿ ತಂದೆಗೆ ಕೆಲವು ದಿನ ಕ್ಯಾಥೆಟರ್ (ಮೂತ್ರ ಹೊರಬರಲು ಹಾಕುವ ನಳಿಕೆ) ಹಾಕಿದ್ದರು, ಈಗ ಮನೆಗೆ ಬಂದಿದ್ದಾರೆ. ರಿಪೋರ್ಟಿನಲ್ಲಿ ಎಂಟೆರೊಕಾಕಸ್ ಫೀಕ್ಯಾಲಿಸ್ ಎಂದಿದೆ. ಕೆಮಿಸ್ಟ್ ಅಂಗಡಿಯವರು ಸೆಫಿಕ್ಸಿಮ್ ಎಂಬ ಆಂಟಿಬಯೋಟಿಕ್ ಕೊಡಲು ಹೊರಟರು. ಮನೆಯಲ್ಲಿ ಚಿಕ್ಕ ಮಗು ಇದೆ ಅಂತ ನಿಮಗೆ ಭಯ.

ನಾನು ಠಾಣೆಯ ಒಂದು ಲ್ಯಾಬಿನಲ್ಲಿ ಕಲ್ಚರ್ ಪ್ಲೇಟ್ ನೋಡುವ ಕೆಲಸ ಮಾಡುತ್ತೇನೆ, ಡಾಕ್ಟರ್ ಅಲ್ಲ. ಆದರೆ ಈ ಬ್ಯಾಕ್ಟೀರಿಯಾವನ್ನು ದಿನಾ ನೋಡುತ್ತೇನೆ. ನಿಮ್ಮ ಹೊಟ್ಟೆಯಲ್ಲೂ ಇದೆ, ನನ್ನ ಹೊಟ್ಟೆಯಲ್ಲೂ ಇದೆ. ಕರುಳಿನಲ್ಲಿ ಇರುವಷ್ಟು ದಿನ ಯಾರಿಗೂ ತೊಂದರೆ ಕೊಡದು. ಮೂತ್ರಕೋಶಕ್ಕೋ ರಕ್ತಕ್ಕೋ ಹೃದಯದ ಕವಾಟಕ್ಕೋ ಹೋದರೆ ಮಾತ್ರ ಕಷ್ಟ. ಕ್ಯಾಥೆಟರ್ ಇದ್ದವರಲ್ಲಿ ಆ ನಳಿಕೆಯೇ ಅದಕ್ಕೆ ದಾರಿ.

ಈಗ 'ಆರ್'ಗಳ ವಿಷಯ. 'ಆರ್' ಅಂದರೆ ರೆಸಿಸ್ಟೆಂಟ್, ಆ ಔಷಧಿ ಕೆಲಸ ಮಾಡದು; 'ಎಸ್' ಅಂದರೆ ಸೆನ್ಸಿಟಿವ್, ಕೆಲಸ ಮಾಡುತ್ತದೆ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಇವುಗಳ ಮುಂದಿನ 'ಆರ್' ನೋಡಿ ಗಾಬರಿ ಆಗಬೇಡಿ. ಎಂಟೆರೊಕಾಕಸ್‌ಗೆ ಸೆಫ್ ಗುಂಪಿನ ಔಷಧಿ ಹುಟ್ಟಿನಿಂದಲೇ ತಾಗುವುದಿಲ್ಲ. ಅದರ ಗೋಡೆ ಕಟ್ಟುವ ಕಿಣ್ವಕ್ಕೆ ಈ ಔಷಧಿ ಸರಿಯಾಗಿ ಅಂಟುವುದೇ ಇಲ್ಲ. ಕ್ಲಿಂಡಾಮೈಸಿನ್ ಕತೆಯೂ ಅಷ್ಟೆ. ನಿಜ ಹೇಳಬೇಕೆಂದರೆ ಈ ಸಾಲುಗಳನ್ನು ರಿಪೋರ್ಟಿನಲ್ಲಿ ಹಾಕಲೇಬಾರದು. ಕೆಲವು ಲ್ಯಾಬಿನವರು ಇಡೀ ಪಟ್ಟಿಯನ್ನು ಸುಮ್ನೆ ಪ್ರಿಂಟ್ ಮಾಡಿ ಕೊಡುತ್ತಾರೆ, ಮನೆಯವರ ನಿದ್ದೆ ಹೋಗುತ್ತದೆ. ಕೋ-ಟ್ರೈಮಾಕ್ಸಜೋಲ್ ಮುಂದೆ 'ಎಸ್' ಇದ್ದರೂ ನಂಬಬೇಡಿ. ಅದು ಬ್ಯಾಕ್ಟೀರಿಯಾಗೆ ಬೇಕಾದ ಫೋಲೇಟ್ ಎಂಬ ವಿಟಮಿನ್‌ನ ತಯಾರಿಯನ್ನು ನಿಲ್ಲಿಸುವ ಔಷಧಿ. ಈ ಬ್ಯಾಕ್ಟೀರಿಯಾ ನಮ್ಮ ದೇಹದಲ್ಲಿರುವ ಸಿದ್ಧ ಫೋಲೇಟನ್ನೇ ಎತ್ತಿಕೊಂಡು ಬದುಕುತ್ತದೆ.

ಹಾಗಾಗಿ ಸೆಫಿಕ್ಸಿಮ್ ತೆಗೆದುಕೊಳ್ಳದೆ ಬಂದದ್ದು ಒಳ್ಳೆಯದೇ ಆಯಿತು. ಅದು ಎಂಟೆರೊಕಾಕಸ್ ಅನ್ನು ಮುಟ್ಟದೆ, ಕರುಳಿನಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ದಾದರ್‌ನಲ್ಲಿ ಜನ ಇಳಿದ ಮೇಲೆ ಲೋಕಲ್‌ನಲ್ಲಿ ಉಳಿದವರು ಕಾಲು ಚಾಚಿ ಕೂರುತ್ತಾರಲ್ಲ, ಹಾಗೆ ಇದಕ್ಕೆ ಜಾಗವೇ ಜಾಗ. ಅಂದ ಹಾಗೆ, ಸೆಫಿಕ್ಸಿಮ್ 2014ರಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ. ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಬರೆಯುವವರು ಎಷ್ಟು ಜನ ಅಂತ ಕೇಳಬೇಡಿ.

ನೀವು ನೋಡಬೇಕಾದ ಸಾಲುಗಳು ನಾಲ್ಕು: ಆಂಪಿಸಿಲಿನ್, ನೈಟ್ರೋಫ್ಯುರಾಂಟಾಯಿನ್, ವ್ಯಾಂಕೊಮೈಸಿನ್, ಲಿನೆಜೋಲಿಡ್. ಫೀಕ್ಯಾಲಿಸ್ ಸಾಮಾನ್ಯವಾಗಿ ಆಂಪಿಸಿಲಿನ್‌ಗೇ ಬಗ್ಗುತ್ತದೆ. ನೈಟ್ರೋಫ್ಯುರಾಂಟಾಯಿನ್ ಮೂತ್ರಕೋಶದ ಸೋಂಕಿಗೆ ಮಾತ್ರ, ಅದೂ ಕಿಡ್ನಿ ಸರಿಯಾಗಿದ್ದರೆ.

ಸೂಪರ್‌ಬಗ್ ಅನ್ನುವ ಮಾತು ಬರುವುದು ವ್ಯಾಂಕೊಮೈಸಿನ್ ಮುಂದೆ 'ಆರ್' ಬಂದಾಗ. ಬೋರ್ನಿಯೋ ಮಣ್ಣಿನಿಂದ ಸಿಕ್ಕ ಈ ಔಷಧಿ 1958ರಲ್ಲಿ ಬಳಕೆಗೆ ಬಂತು. ಸುಮಾರು ಮೂವತ್ತು ವರ್ಷ ಎಂಟೆರೊಕಾಕಸ್ ಇದಕ್ಕೆ ಮಣಿಯುತ್ತಿತ್ತು. 1988ರಲ್ಲಿ ಇಂಗ್ಲೆಂಡ್, ಫ್ರಾನ್ಸ್‌ನಿಂದ ಮೊದಲ ವರದಿಗಳು ಬಂದವು. ಬ್ಯಾಕ್ಟೀರಿಯಾದ ಗೋಡೆಯ ತುಣುಕುಗಳ ತುದಿಯಲ್ಲಿ ಅಲನಿನ್ ಎಂಬ ಅಮೈನೊ ಆಮ್ಲ ಎರಡು ಇರುತ್ತವೆ, ವ್ಯಾಂಕೊಮೈಸಿನ್ ಹಿಡಿಯುವುದು ಅದನ್ನೇ. ಕೊನೆಯ ಅಲನಿನ್ ಬದಲು ಲ್ಯಾಕ್ಟೇಟ್ ಇಟ್ಟುಕೊಂಡರೆ ಔಷಧಿಯ ಹಿಡಿತ ಸುಮಾರು 1000 ಪಟ್ಟು ಸಡಿಲವಾಗುತ್ತದೆ. ಅಷ್ಟೇ ಉಪಾಯ! ಯುರೋಪಿನಲ್ಲಿ ಕೋಳಿ, ಹಂದಿಗಳ ಮೇವಿಗೆ ಅವೊಪಾರ್ಸಿನ್ ಎಂಬ ಇದೇ ಜಾತಿಯ ಔಷಧಿ ಬೆರೆಸುತ್ತಿದ್ದರು. ಅದರಿಂದಲೂ ಈ ಪ್ರತಿರೋಧ ಬೆಳೆಯುತ್ತದೆ ಎಂಬ ಆತಂಕದಿಂದ 1997ರಲ್ಲಿ ಯುರೋಪಿಯನ್ ಒಕ್ಕೂಟ ಅದನ್ನು ನಿಲ್ಲಿಸಿತು. ಈ ಪ್ರತಿರೋಧ ಜಾಸ್ತಿ ಕಾಣುವುದು ಫೀಸಿಯಂ ಎಂಬ ಇನ್ನೊಂದು ಜಾತಿಯಲ್ಲಿ. ಹೊಸ ಔಷಧಿ ತುರ್ತಾಗಿ ಬೇಕಾದ ಬ್ಯಾಕ್ಟೀರಿಯಾಗಳ ವಿಶ್ವ ಆರೋಗ್ಯ ಸಂಸ್ಥೆಯ 2017ರ ಪಟ್ಟಿಯಲ್ಲಿರುವುದೂ ಅದೇ. ನಿಮ್ಮ ತಂದೆಯದು ಫೀಕ್ಯಾಲಿಸ್. ವ್ಯಾಂಕೊಮೈಸಿನ್ ಮುಂದೆ 'ಎಸ್' ಇದ್ದರೆ ಇದು ಸೂಪರ್‌ಬಗ್ ಅಲ್ಲ.

ಇನ್ನೊಂದು ಮುಖ್ಯ ವಿಷಯ, ನೀವು ಬರೆದೇ ಇಲ್ಲ. ತಂದೆಗೆ ಉರಿಮೂತ್ರ, ಜ್ವರ, ಹೊಟ್ಟೆ ಕೆಳಗೆ ನೋವು ಏನಾದರೂ ಇದೆಯಾ? ಏನೂ ಇಲ್ಲದಿದ್ದರೆ ಡಾಕ್ಟರು ಬಹಳ ಸಲ ಔಷಧಿಯನ್ನೇ ಕೊಡುವುದಿಲ್ಲ, ಅದು ಸರಿಯೂ ಹೌದು. ಕ್ಯಾಥೆಟರ್ ಹಾಕಿದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ಮಾಮೂಲು. ಗರ್ಭಿಣಿಯರು, ಮೂತ್ರನಾಳದ ಆಪರೇಷನ್‌ಗೆ ಹೊರಟವರ ಲೆಕ್ಕ ಬೇರೆ. ಚಳಿಜ್ವರ ಬಂದರೆ, ಮಾತು ತಡವರಿಸಿದರೆ, ರಿಪೋರ್ಟ್ ಹಿಡಿದು ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮಗುವನ್ನು ಅಜ್ಜನಿಂದ ದೂರ ಇಡಬೇಕಿಲ್ಲ. ಬೇರೆ ತಟ್ಟೆ ಲೋಟವೂ ಬೇಡ. ಆದರೆ ಈ ಬ್ಯಾಕ್ಟೀರಿಯಾ ಒಣ ಜಾಗದಲ್ಲೂ ವಾರಗಟ್ಟಲೆ ಬದುಕುತ್ತದೆ. ಬಾತ್‌ರೂಮಿನ ನಲ್ಲಿ, ಫ್ಲಶ್ ಹಿಡಿಕೆ ತೊಳೆಯಿರಿ. ಡೈಪರ್ ಅಥವಾ ಯೂರಿನ್ ಬ್ಯಾಗ್ ಮುಟ್ಟಿದವರು ಸೋಪು ಹಾಕಿ ಕೈ ತೊಳೆದೇ ಮಗುವನ್ನು ಎತ್ತಿಕೊಳ್ಳಲಿ.