ಪ್ರಶ್ನೋತ್ತರ: ಶಾಲೆಯ ಅಂಗಳದಲ್ಲಿ ಗಣಿತದ ನಿಧಿ ಶೋಧ

ಪ್ರಶ್ನೆ: ಡಿಸೆಂಬರ್ 22ರ ರಾಷ್ಟ್ರೀಯ ಗಣಿತ ದಿನದಂದು ನಮ್ಮ ಪ್ರೌಢಶಾಲೆಯ ಸುಮಾರು 60 ಮಕ್ಕಳಿಗೆ ನಿಧಿ ಶೋಧ ಏರ್ಪಡಿಸಬೇಕೆಂದಿದ್ದೇವೆ. ಎರಡು ಪೀರಿಯಡ್‌ಗಳಷ್ಟು ಸಮಯವಿದೆ. ನಾನು ಬೇರೆಡೆ ನೋಡಿದ ಇಂಥ ಆಟದಲ್ಲಿ, ಲೆಕ್ಕ ಬಿಡಿಸಿದ ಮಕ್ಕಳೆಲ್ಲ ಉತ್ತರ ತೋರಿಸಲು ಶಿಕ್ಷಕರ ಮುಂದೆ ಸಾಲುಗಟ್ಟಿ ನಿಂತು, ಆಟವೇ ನಿಂತುಹೋಗಿತ್ತು. ಇದನ್ನು ತಪ್ಪಿಸುವುದು ಹೇಗೆ?
— ಗಣಿತ ಶಿಕ್ಷಕಿ, ಹಾಸನ ಜಿಲ್ಲೆ

ಉತ್ತರ: ಉತ್ತರ ಸರಿಯೋ ತಪ್ಪೋ ಎಂದು ಹೇಳುವ ಕೆಲಸ ಶಿಕ್ಷಕರೊಬ್ಬರ ಕೈಯಲ್ಲೇ ಉಳಿದರೆ ಅಂಥ ಸಾಲು ಹುಟ್ಟುತ್ತದೆ. ನಿಧಿ ಶೋಧದಲ್ಲಿ ಆ ಕೆಲಸವನ್ನು ಜಾಗಕ್ಕೇ ಒಪ್ಪಿಸಬೇಕು. ಶಾಲೆಯ ಕಂಬ, ಮರ, ಕಿಟಕಿ, ಕಾಂಪೌಂಡ್ ಗೋಡೆಗಳಿಗೆ 1ರಿಂದ 80ರವರೆಗೆ ಸಂಖ್ಯೆ ಬರೆದ ರಟ್ಟಿನ ತುಂಡುಗಳನ್ನು ಅಂಟಿಸಿ, ಪ್ರತಿ ಲೆಕ್ಕದ ಉತ್ತರವೂ ಈ ಸಂಖ್ಯೆಗಳಲ್ಲಿ ಒಂದಾಗುವಂತೆ ನೋಡಿಕೊಳ್ಳಿ. ಉತ್ತರ 41 ಬಂದರೆ ಮಕ್ಕಳು 41ನೆಯ ಕಂಬದ ಬಳಿ ಹೋಗುತ್ತಾರೆ. ಅಲ್ಲಿ ಮುಂದಿನ ಲಕೋಟೆ ಸಿಕ್ಕಿದರೆ ಉತ್ತರ ಸರಿ.

ಉತ್ತರ ತಪ್ಪಾಗಿದ್ದವರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಸಾಮಾನ್ಯವಾಗಿ ಯಾರೂ ಯೋಚಿಸುವುದಿಲ್ಲ. ನನ್ನ ಮಟ್ಟಿಗೆ ಇಡೀ ತಯಾರಿಯಲ್ಲಿ ಹೆಚ್ಚು ಶ್ರಮ ಹಾಕಬೇಕಾದದ್ದು ಇಲ್ಲಿಯೇ. ಒಂದು ಸಮಾಂತರ ಶ್ರೇಢಿಯನ್ನು ನೋಡಿ: ಮೊದಲ ಪದ 8, ಸಾಮಾನ್ಯ ವ್ಯತ್ಯಾಸ 3, ಕೇಳಿರುವುದು 12ನೆಯ ಪದ. 8ಕ್ಕೆ 11 ಸಲ 3 ಕೂಡಿಸಿದರೆ 41 ಬರುತ್ತದೆ. ಆದರೆ ಆತುರದಲ್ಲಿರುವ ಮಕ್ಕಳು 12 ಸಲ ಕೂಡಿಸಿ 44 ಎನ್ನುತ್ತಾರೆ. ಹಾಗಾಗಿ 44ನೆಯ ಸಂಖ್ಯೆಯ ಹಿಂದೆಯೂ ಒಂದು ಚೀಟಿ ಇರಲಿ: ‘ಮೊದಲ ಪದದಿಂದ ಹನ್ನೆರಡನೆಯ ಪದಕ್ಕೆ ಹೋಗಲು ಎಷ್ಟು ಹೆಜ್ಜೆ ಇಡಬೇಕು? ಬೆರಳು ಮಡಚಿ ಎಣಿಸಿ ನೋಡಿ.’ ಯಾರೂ ಬೈಯದೆ, ಯಾರ ಮುಂದೆಯೂ ಮುಖ ಸಣ್ಣದಾಗದೆ, ತಪ್ಪು ಎಲ್ಲಾಯಿತು ಎಂಬುದು ಆ ಗುಂಪಿಗೆ ತಾನೇ ತಿಳಿಯುತ್ತದೆ. ಯಾವ ಲೆಕ್ಕದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದನ್ನು ಉತ್ತರ ಪತ್ರಿಕೆಗಳನ್ನು ತಿದ್ದುತ್ತ ಬಂದಿರುವ ನಿಮ್ಮಷ್ಟು ಚೆನ್ನಾಗಿ ಬೇರೆ ಯಾರೂ ಬಲ್ಲವರಿಲ್ಲ. ಆ ತಿಳಿವಳಿಕೆಯನ್ನೇ ಈ ಚೀಟಿಗಳಿಗೆ ಇಳಿಸಿ.

60 ಮಕ್ಕಳನ್ನು ನಾಲ್ಕು ನಾಲ್ಕು ಜನರ 15 ಗುಂಪುಗಳಾಗಿ ಮಾಡಿ, ಆರು ತಾಣಗಳನ್ನು ವರ್ತುಲದಂತೆ ಜೋಡಿಸಿ, ಅಂದರೆ ಆರನೆಯ ತಾಣದ ಉತ್ತರ ಮತ್ತೆ ಒಂದನೆಯ ತಾಣಕ್ಕೆ ಕರೆದೊಯ್ಯಲಿ. ಗುಂಪುಗಳು ಬೇರೆ ಬೇರೆ ತಾಣಗಳಿಂದ ಹೊರಟರೆ ಒಂದೊಂದು ಕಡೆ ಎರಡು ಮೂರು ಗುಂಪುಗಳಿಗಿಂತ ಹೆಚ್ಚು ಸೇರುವುದಿಲ್ಲ. ಪ್ರತಿ ತಾಣದಲ್ಲೂ ಒಂದು ಗುಟ್ಟಿನ ಸಂಖ್ಯೆ ಸಿಗಬೇಕು. ಆರನ್ನೂ ಕೂಡಿಸಿದರೆ ನಿಧಿಪೆಟ್ಟಿಗೆಯ ಮೂರಂಕಿಯ ನಂಬರ್ ಬೀಗ ತೆರೆಯಬೇಕು. ಕೂಡುವಿಕೆಗೆ ಕ್ರಮದ ಹಂಗಿಲ್ಲದ ಕಾರಣ ಎಲ್ಲಿಂದ ಹೊರಟರೂ ತೊಂದರೆಯಿಲ್ಲ. ಮೊತ್ತದ ಬದಲು ಲ.ಸಾ.ಅ., ಅಂದರೆ ಆರೂ ಸಂಖ್ಯೆಗಳಿಂದ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, ಕೇಳುವ ಆಸೆ ನಿಮಗೆ ಬರಬಹುದು, ಆದರೆ ಅದು ಬೇಡ: ಗುಟ್ಟಿನ ಸಂಖ್ಯೆಗಳಲ್ಲಿ 4 ಮತ್ತು 12 ಎರಡೂ ಇದ್ದರೆ, 4 ಸಿಕ್ಕ ತಾಣವನ್ನು ಬಿಟ್ಟುಬಂದ ಗುಂಪಿಗೂ ಬೀಗ ತೆರೆದುಬಿಡುತ್ತದೆ.

ಆರರಲ್ಲಿ ಒಂದು ತಾಣವಾದರೂ ಅಳತೆಯದಾಗಿರಲಿ ಎಂಬುದು ನನ್ನ ಒತ್ತಾಯ. ಅದಕ್ಕೆ ಧ್ವಜಸ್ತಂಭಕ್ಕಿಂತ ಒಳ್ಳೆಯ ವಸ್ತು ಶಾಲೆಯಲ್ಲಿ ಇಲ್ಲ. ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನೂ ಸ್ತಂಭದ ನೆರಳನ್ನೂ ಅಳೆದರೆ, ಸಮರೂಪ ತ್ರಿಭುಜಗಳಿಂದ ಸ್ತಂಭದ ಎತ್ತರ ಸಿಗುತ್ತದೆ. ಕೋಲಿನ ನೆರಳು 80 ಸೆಂ.ಮೀ., ಸ್ತಂಭದ ನೆರಳು 4.8 ಮೀಟರ್ ಆದರೆ ಎತ್ತರ 6 ಮೀಟರ್. ಬೆಳಿಗ್ಗೆ ಬಂದ ಗುಂಪಿಗೂ ತಡವಾಗಿ ಬಂದ ಗುಂಪಿಗೂ ಸಿಗುವ ನೆರಳುಗಳು ಬೇರೆ, ಆದರೂ ಉತ್ತರ ಒಂದೇ. ಆಟ ಮುಗಿದ ಮೇಲೆ ಗುಂಪುಗಳ ಅಳತೆಗಳನ್ನು ಕಪ್ಪು ಹಲಗೆಯ ಮೇಲೆ ಅಕ್ಕಪಕ್ಕ ಬರೆದು ಮಕ್ಕಳಿಗೆ ಇದನ್ನು ತೋರಿಸಿ. ಸೂರ್ಯ ದಕ್ಷಿಣದ ತುದಿಯಲ್ಲಿರುವ ಆ ದಿನ ಹಾಸನದಲ್ಲಿ ನಡುಹಗಲಿನಲ್ಲೂ ಮೀಟರ್ ಕೋಲಿಗೆ ಸುಮಾರು 74 ಸೆಂ.ಮೀ. ನೆರಳು ಇರುತ್ತದೆ, ಆದ್ದರಿಂದ ವೇಳೆಯ ಚಿಂತೆಯಿಲ್ಲ. ಏಪ್ರಿಲ್ ಕೊನೆಯಲ್ಲಿ ಈ ಆಟ ಇಟ್ಟುಕೊಂಡರೆ ಮಾತ್ರ ನಡುಹಗಲಿನಲ್ಲಿ ನೆರಳೇ ಸಿಗದು. ಅಳತೆಯಲ್ಲಿ ಒಬ್ಬರಿಗೆ 5.8, ಇನ್ನೊಬ್ಬರಿಗೆ 6.1 ಬರುವುದು ಸಹಜವಾದ್ದರಿಂದ ‘ಹತ್ತಿರದ ಪೂರ್ಣ ಸಂಖ್ಯೆ’ ಎಂದು ಚೀಟಿಯಲ್ಲೇ ಬರೆದಿರಿ. ನಿಮ್ಮ ಸ್ತಂಭದ ಎತ್ತರ ಆರೂವರೆ ಮೀಟರಿನ ಆಸುಪಾಸಿನಲ್ಲಿದ್ದರೆ ಅರ್ಧ ಗುಂಪುಗಳು 6ಕ್ಕೆ, ಅರ್ಧ ಗುಂಪುಗಳು 7ಕ್ಕೆ ಹೋಗುತ್ತವೆ. ಆಗ ಎರಡೂ ಕಡೆ ಒಂದೇ ಲಕೋಟೆ ಇಡಿ.

ಬಾವಿ, ನೀರಿನ ತೊಟ್ಟಿ, ಬಿಸಿಯೂಟದ ಅಡುಗೆಕೋಣೆ, ಇವುಗಳ ಹತ್ತಿರ ಯಾವ ಸಂಖ್ಯೆಯನ್ನೂ ಅಂಟಿಸಬೇಡಿ.

ಪ್ರಶ್ನೆ: ಗುಂಪಿನ ಆಟಗಳಲ್ಲಿ ಲೆಕ್ಕ ಚೆನ್ನಾಗಿ ಬರುವ ಒಬ್ಬರೇ ಎಲ್ಲವನ್ನೂ ಬಿಡಿಸುತ್ತಾರೆ, ಉಳಿದವರು ಅವರ ಹಿಂದೆ ಓಡುತ್ತೇವೆ. ಇದಕ್ಕೆ ಪರಿಹಾರವಿಲ್ಲವೇ?
— ವಿದ್ಯಾರ್ಥಿನಿ, ಹತ್ತನೆಯ ತರಗತಿ, ಧಾರವಾಡ

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು, ಮತ್ತು ಇದು ಆಟ ರೂಪಿಸುವವರು ಸರಿಪಡಿಸಬೇಕಾದ ವಿಷಯ. ಒಂದು ತರಗತಿಯವರದೇ ಗುಂಪು ಮಾಡುವ ಬದಲು ಮೂರೂ ತರಗತಿಗಳ ಮಕ್ಕಳನ್ನು ಬೆರೆಸಿ, ಒಂದು ಲೆಕ್ಕವನ್ನು ಮೂರು ತುಂಡು ಮಾಡಿ ಹಂಚಬೇಕು. ಮೇಲಿನ ಶ್ರೇಢಿಯನ್ನೇ ತೆಗೆದುಕೊಳ್ಳಿ. ಎಂಟನೆಯ ತರಗತಿಯವರ ಚೀಟಿಯಲ್ಲಿ 512ರ ಘನಮೂಲ ಕೇಳಿದರೆ ಮೊದಲ ಪದ 8 ಸಿಗುತ್ತದೆ. ಒಂಬತ್ತನೆಯವರು 5, 5, 6 ಬಾಹುಗಳ ತ್ರಿಭುಜದ ವಿಸ್ತೀರ್ಣವನ್ನು ಹೆರಾನನ ಸೂತ್ರದಿಂದ ಕಂಡುಹಿಡಿದರೆ 12, ಅಂದರೆ ಎಷ್ಟನೆಯ ಪದ ಬೇಕೆಂಬುದು ತಿಳಿಯುತ್ತದೆ. ನಿಮ್ಮ ಚೀಟಿಯಲ್ಲಿ ಸಾಮಾನ್ಯ ವ್ಯತ್ಯಾಸ 3 ಎಂದಷ್ಟೇ ಇರುತ್ತದೆ. ಉಳಿದಿಬ್ಬರ ಉತ್ತರ ಬರುವ ತನಕ ನೀವು ಕಾಯಲೇಬೇಕು, ಅವರು ಸಿಕ್ಕಿಹಾಕಿಕೊಂಡರೆ ಸಹಾಯ ಮಾಡಲೇಬೇಕು. ನಾಲ್ಕನೆಯ ಸದಸ್ಯರು ಮೂವರ ಲೆಕ್ಕವನ್ನೂ ಒಂದು ಹಾಳೆಯಲ್ಲಿ ಬರೆದಿಡಲಿ, ಮತ್ತು ಪ್ರತಿ ತಾಣದಲ್ಲಿ ಈ ಪಾತ್ರ ಬೇರೆಯವರಿಗೆ ಹೋಗಲಿ. ಮೊದಲು ತಲುಪಿದವರಿಗೆ ಮಾತ್ರ ಬಹುಮಾನ ಎಂಬ ನಿಯಮವನ್ನು ಕೈಬಿಡುವಂತೆಯೂ ನಿಮ್ಮ ಗುರುಗಳನ್ನು ಕೇಳಿಕೊಳ್ಳಿ. ಓಟದ ಒತ್ತಡವಿರುವಷ್ಟು ಹೊತ್ತು ಚುರುಕಾದವರು ಉಳಿದವರ ಚೀಟಿ ಕಿತ್ತುಕೊಳ್ಳುವುದು ನಿಲ್ಲುವುದಿಲ್ಲ.

ಪ್ರಶ್ನೆ: ಇಂಥ ಆಟದಲ್ಲಿ ನಮ್ಮ ನಾಡಿನ ಗಣಿತಜ್ಞರನ್ನು ಪರಿಚಯಿಸಲು ಸಾಧ್ಯವೇ?
— ನಿವೃತ್ತ ಮುಖ್ಯೋಪಾಧ್ಯಾಯರು, ಕಲಬುರಗಿ

ಉತ್ತರ: ಖಂಡಿತ ಸಾಧ್ಯ. ನಿಮ್ಮ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಅದರಲ್ಲಿ ಗುಣಲಬ್ಧವು ಕೊರಳ ಹಾರದ ಮಣಿಗಳಂತೆ ಎರಡೂ ಕಡೆಯಿಂದ ಒಂದೇ ಸಮನೆ ಕಾಣುವ ಗುಣಾಕಾರಗಳಿವೆ: 139ನ್ನು 109ರಿಂದ ಗುಣಿಸಿದರೆ 15151, 152207ನ್ನು 73ರಿಂದ ಗುಣಿಸಿದರೆ 11111111. ಎರಡನೆಯದರಲ್ಲಿ 73ನ್ನು ಮರೆಮಾಡಿ, ಎಂಟು ಒಂದುಗಳ ಹಾರ ಬರಬೇಕಾದರೆ ಯಾವ ಸಂಖ್ಯೆಯಿಂದ ಗುಣಿಸಬೇಕೆಂದು ಕೇಳಿ. ಮುಂದಿನ ಲಕೋಟೆ 73ನೆಯ ಸಂಖ್ಯೆಯ ಬಳಿ ಇರಲಿ. ತಾಳೆ ನೋಡುವಾಗ ಎಲ್ಲಾದರೂ ಕೈತಪ್ಪಿದರೆ ಹಾರದಲ್ಲಿ ಒಂದು ಮಣಿ ಬೇರೆಯಾಗಿ ಕಣ್ಣಿಗೆ ಬೀಳುವುದರಿಂದ ಇಲ್ಲಿ ತಪ್ಪಿನ ಚೀಟಿಯೂ ಬೇಕಾಗದು. ಕನ್ನಡದಲ್ಲೇ ಬರೆದವರು ಬೇಕೆಂದರೆ ಹನ್ನೆರಡನೆಯ ಶತಮಾನದ ರಾಜಾದಿತ್ಯನಿದ್ದಾನೆ; ಅವನ ‘ವ್ಯವಹಾರಗಣಿತ’ದ ಹೆಸರನ್ನೂ ಕಾಲವನ್ನೂ ಒಂದು ಲಕೋಟೆಯ ಮೇಲೆ ಎರಡು ಸಾಲಿನಲ್ಲಿ ಬರೆದರೆ ಸಾಕು. ಓಡಿಬಂದ ಮಕ್ಕಳು ಅದಕ್ಕಿಂತ ಹೆಚ್ಚು ಓದಲಾರರು, ಉಳಿದದ್ದನ್ನು ಮರುದಿನದ ತರಗತಿಯಲ್ಲಿ ಹೇಳಬಹುದು.