ಯಾರೂ ಮಾಡದ ಪಿಎಚ್‌ಡಿ ವಿಷಯ ಹುಡುಕುವುದು ಹೇಗೆ? ಗೈಡ್ ಕೊಟ್ಟಿದ್ದು ತೀರಾ ಮಾಮೂಲಿ ಅನ್ನಿಸುತ್ತಿದೆ

ಎಂ.ಎ. ಅರ್ಥಶಾಸ್ತ್ರ ಮುಗಿದಿದೆ, ಸಿರುಗುಪ್ಪದ ರೈಸ್ ಮಿಲ್ಲುಗಳ ಮೇಲೆ ಮಾಡಿ ಅಂತ ಗೈಡ್ ಹೇಳಿದ್ದಾರೆ, ನಿಮಗೆ ಅದು ಸಪ್ಪೆ. ಬೇರೆಯವರ ಟೈಟಲ್ ನೋಡಿದರೆ ಹೊಟ್ಟೆ ಉರಿಯುತ್ತದೆ. 2016ರಲ್ಲಿ ನಾನೂ ಹೀಗೇ ಇದ್ದೆ.

ನಮ್ಮ ಹಾಸ್ಟೆಲ್ ಸಾಲಿನಲ್ಲಿ ಒಬ್ಬೊಬ್ಬರದೂ ಒಂದೊಂದು ಲೋಕ. ಪಕ್ಕದ ರೂಮಿನವನು ಬೇವಿನ ಎಲೆ ಕುದಿಸಿ ಬೆಳ್ಳಿಯ ನ್ಯಾನೋ ಕಣ ಮಾಡುತ್ತಿದ್ದ. ಎದುರಿನವನು ಗಣಿತದ ಗ್ರಾಫ್ ಥಿಯರಿ, ಅವನಿಗೆ ಬಿಳಿ ಹಾಳೆ, ಪೆನ್ನು, ಚಹಾ ಬಿಟ್ಟರೆ ಬೇರೆ ಖರ್ಚೇ ಇಲ್ಲ. ಒಬ್ಬಳು ಬಳ್ಳಾರಿಯ ಜೀನ್ಸ್ ಹೊಲಿಯುವ ಹೆಂಗಸರ ಕೂಲಿ, ಇನ್ನೊಬ್ಬ ಲಂಬಾಣಿ ಹಾಡು, ರಾಯಚೂರು ಕೃಷಿ ವಿ.ವಿ.ಯಲ್ಲಿದ್ದ ಗೆಳೆಯ ತೊಗರಿಯ ಕಾಯಿಕೊರಕ ಹುಳ. ಮತ್ತೊಬ್ಬ ಬಳ್ಳಾರಿ ಹತ್ತಿರದ ಕುಡತಿನಿ ಕಡೆಯ ಬೂದಿ ದಿಬ್ಬಗಳು, ಅಂದರೆ ನವಶಿಲಾಯುಗದ ಜನ ಬಿಟ್ಟುಹೋದ ಬೂದಿಯ ಗುಡ್ಡೆಗಳು. ರಾತ್ರಿ ಊಟಕ್ಕೆ ಕೂತರೆ ಹುಳ, ಬೂದಿ, ಜೀನ್ಸು ಎಲ್ಲಾ ಒಂದೇ ತಟ್ಟೆಯಲ್ಲಿ. ಇವರೆಲ್ಲರ ಮುಂದೆ 'ನಂದು ಸಂತೆ' ಅನ್ನಲು ನನಗೆ ನಾಚಿಕೆ. ಗೈಡ್ ಸರ್ ಕೊಟ್ಟಿದ್ದು ಅಷ್ಟೇ: ನಿಮ್ಮ ಊರ ಹತ್ತಿರದ ಒಂದು ವಾರದ ಸಂತೆ ನೋಡು, ಅಲ್ಲಿ ದುಡ್ಡು ಹೇಗೆ ಓಡಾಡುತ್ತದೆ ಬರಿ.

ಒಂದು ಸಂತೆಗೆ ಡಾಕ್ಟರೇಟಾ? ಊರಲ್ಲಿ ನಗುತ್ತಾರೆ ಅಂದುಕೊಂಡೆ. ಅದಕ್ಕೆ ಸಂಶೋಧನೆಯ ರೂಪುರೇಷೆ ಬರೆದುಕೊಡುವ ಸಿನಾಪ್ಸಿಸ್‌ನಲ್ಲಿ ನಾನೇ ದೊಡ್ಡದು ಮಾಡಿಬಿಟ್ಟೆ. 'ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ವಾರದ ಸಂತೆಗಳು: ಒಂದು ಸಮಗ್ರ ಅಧ್ಯಯನ.' 1997ರವರೆಗೂ ಎರಡೂ ಒಂದೇ ಜಿಲ್ಲೆ ತಾನೆ, ಜೋಡಿಸಿದರೆ ತಪ್ಪೇನು ಅಂತ ನನ್ನ ವಾದ. ಸರ್ ಒಮ್ಮೆ ಕನ್ನಡಕ ತೆಗೆದು ನನ್ನ ಮುಖ ನೋಡಿದರು, ಸೈನ್ ಹಾಕಿದರು.

ತಪ್ಪು ಆದದ್ದು 'ಸಮಗ್ರ' ಅನ್ನುವ ಆ ಒಂದು ಪದದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಟೈಟಲ್ ರಿಜಿಸ್ಟರ್ ಆದ ಮೇಲೆ ಅದು ಅಲಂಕಾರ ಅಲ್ಲ, ಬರೆದುಕೊಟ್ಟ ಪತ್ರ ಇದ್ದ ಹಾಗೆ. 'ಸಮಗ್ರ' ಅಂದರೆ ಒಂದು ಸಂತೆಯೂ ಬಿಡುವ ಹಾಗಿಲ್ಲ. ಸಂತೆಗೆ ವಾರ ಗೊತ್ತಿರುತ್ತದೆ, ಅಲ್ವಾ? ಒಂದೇ ಸೋಮವಾರ ಎರಡು ಜಿಲ್ಲೆಯ ಎಷ್ಟೋ ಊರುಗಳಲ್ಲಿ ಸಂತೆ. ನಾನು ಒಬ್ಬನೇ. ಒಂದನ್ನು ನೋಡಿದರೆ ಉಳಿದವು ಮುಂದಿನ ಸೋಮವಾರಕ್ಕೆ. ಸಾಲದು ಅಂತ ಸುಗ್ಗಿಯಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಹೋಗುತ್ತೇನೆ ಅಂತಲೂ ಬರೆದಿದ್ದೆ. ಆ ಸಾಲು ಬರೆದಾಗ ಹಾಸ್ಟೆಲ್‌ನ ಫ್ಯಾನಿನ ಕೆಳಗೆ ಕೂತಿದ್ದೆ, ಅದಕ್ಕೆ ಅಷ್ಟು ಧೈರ್ಯ. ಗೆಸ್ಟ್ ಲೆಕ್ಚರರ್ ಕೆಲಸ ಬೇರೆ ಇತ್ತು, ಕ್ಲಾಸ್ ಇದ್ದ ದಿನದ ಸಂತೆಗಳು ನನ್ನ ಪಾಲಿಗೆ ಇಲ್ಲವೇ ಇಲ್ಲ.

ಆಮೇಲೆ ತಾಲ್ಲೂಕುಗಳು. ಶುರು ಮಾಡಿದಾಗ ರಾಯಚೂರಿಗೆ ಐದು, ಕೊಪ್ಪಳಕ್ಕೆ ನಾಲ್ಕು, ಒಟ್ಟು 9. 2018ರ ಹೊತ್ತಿಗೆ ಮಸ್ಕಿ, ಸಿರವಾರ, ಕಾರಟಗಿ, ಕನಕಗಿರಿ, ಕುಕನೂರು ಹೊಸ ತಾಲ್ಲೂಕಾಗಿ 14 ಆದವು. ತಾಲ್ಲೂಕುವಾರು ಮಾಡಿಟ್ಟಿದ್ದ ಟೇಬಲ್ಲುಗಳೆಲ್ಲ ಮೂಲೆಗೆ. ಆಯ್ದ ಮೂರು ಸಂತೆ ಅಂತ ಬರೆದಿದ್ದರೆ ತಾಲ್ಲೂಕು ಹದಿನಾಲ್ಕಾದರೆ ನನಗೇನು, ನಲವತ್ತಾದರೆ ನನಗೇನು? ಮೊದಲ ಪ್ರಗತಿ ವರದಿಯಲ್ಲೇ ಕಮಿಟಿಯವರು 'ಸಮಗ್ರ ತೆಗೆದುಬಿಡು, ಅರ್ಜಿ ಕೊಡು, ಬದಲಾಯಿಸಿ ಕೊಡುತ್ತೇವೆ' ಅಂದಿದ್ದರು. ನಾನು ಒಪ್ಪಲಿಲ್ಲ. ತೆಗೆದರೆ ಸೋತ ಹಾಗೆ ಅನ್ನುವ ಸೊಕ್ಕು. ಎರಡು ವರ್ಷ ಆ ಸೊಕ್ಕಿಗೇ ಹೋಯಿತು. ಮನೆಯಲ್ಲಿ ಮದುವೆ ಮಾತು ನಿಂತಿತು, ಬೈಕಿನ ಎರಡು ಟೈರ್ ಸವೆದವು, ಕೈಯಲ್ಲಿ ಉಳಿದದ್ದು ಸಂತೆ ಹೆಸರಿನ ಪಟ್ಟಿ ಮಾತ್ರ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಸಂತೆಗಳೇ ಬಂದ್. ಸಂತೆ ಓದುವವನಿಗೆ ಸಂತೆಯೇ ಇಲ್ಲ!

ಮತ್ತೆ ಶುರುವಾದಾಗ ಬೇರೆ ದಾರಿ ಇಲ್ಲದೆ ನಮ್ಮ ಊರ ಹತ್ತಿರದ ಸಂತೆಗೇ ವಾರ ವಾರ ಹೋದೆ. ಮೊದಲ ದಿನ ಪುಸ್ತಕ, ಪೆನ್ನು ನೋಡಿ ಹುಣಸೆಹಣ್ಣು ಮಾರುವ ಅಜ್ಜಿ, 'ಜಕಾತಿ ಕೊಟ್ಟೀನೋ ಎಪ್ಪಾ, ಮತ್ತ್ಯಾಕ ಬಂದಿ?' ಅಂದಳು. ಸಂತೆ ಸುಂಕ ಎತ್ತುವವನು ಅಂದುಕೊಂಡಿದ್ದಳು. ನಾಲ್ಕನೇ ವಾರಕ್ಕೆ ತಟ್ಟಿನ ಚೀಲ ಹಾಸಿ ಪಕ್ಕದಲ್ಲೇ ಕೂರಿಸಿಕೊಂಡಳು. ಅಲ್ಲಿ ಕೂತ ಮೇಲೆ ಕಣ್ಣಿಗೆ ಬಿದ್ದದ್ದು: ಬೆಳಿಗ್ಗೆ ಒಬ್ಬ ಬೈಕಿನಲ್ಲಿ ಬರುತ್ತಾನೆ, ಇಳಿಯುವುದೂ ಇಲ್ಲ, ಅಜ್ಜಿಯ ಕೈಗೆ 900 ರೂಪಾಯಿ ಕೊಡುತ್ತಾನೆ. ಸಂಜೆ ಅದೇ ಬೈಕು, ಅಜ್ಜಿ 1000 ಎಣಿಸಿ ಕೊಡುತ್ತಾಳೆ. ಚೀಟಿ ಇಲ್ಲ, ಸಹಿ ಇಲ್ಲ. ಮಳೆ ಬಂದು ಸಂತೆ ಚದುರಿದ ದಿನ ಏನಾಗುತ್ತದೆ, ಯಾರ ಬಾಕಿ ಯಾರ ತಲೆಗೆ ಬರುತ್ತದೆ, ಅಕ್ಕಪಕ್ಕದ ನಾಲ್ಕು ಹೆಂಗಸರು ಒಬ್ಬರಿಗೊಬ್ಬರು ಹೇಗೆ ಹೊಂದಿಸಿಕೊಳ್ಳುತ್ತಾರೆ, ಇದೆಲ್ಲ ಬರೆದುಕೊಂಡೆ. ಇದು ಒಂದೇ ಸಂತೆಯ ಒಂದು ಸಾಲು ಅಂಗಡಿ, ಅಷ್ಟೇ. ಆಮೇಲೆ ಅರ್ಜಿ ಕೊಟ್ಟು ಟೈಟಲ್ಲಿನಿಂದ 'ಸಮಗ್ರ' ತೆಗೆಸಿದೆ, ಎರಡು ಜಿಲ್ಲೆಯ ಜಾಗದಲ್ಲಿ ಮೂರು ಸಂತೆ ಬಂದವು. ಕೊನೆಯ ಮೌಖಿಕ ಪರೀಕ್ಷೆ, ಅಂದರೆ ವೈವಾಕ್ಕೆ ಬಂದ ಹೊರಗಿನ ಪ್ರೊಫೆಸರು ಮೂರು ಅಧ್ಯಾಯ ಸುಮ್ನೆ ತಿರುವಿ ಹಾಕಿ, ಆ 900ರ ಟೇಬಲ್ ಹತ್ತಿರ ನಿಂತರು. ಅರ್ಧ ಗಂಟೆ ಅದರ ಮೇಲೇ.

ಈಗ ನಿಮ್ಮ ಪ್ರಶ್ನೆ. 'ಯಾರೂ ಮಾಡದ ವಿಷಯ' ಅನ್ನುವುದೇ ನನಗೆ ಒಪ್ಪಿಗೆ ಇಲ್ಲ. ಬೂದಿ ದಿಬ್ಬವನ್ನೇ ತಗೊಳ್ಳಿ. ಜನ ಅದನ್ನು ರಾಕ್ಷಸನನ್ನು ಸುಟ್ಟ ಬೂದಿ ಅಂದರು, ಬ್ರಿಟಿಷರ ಕಾಲದಲ್ಲಿ ಜ್ವಾಲಾಮುಖಿ ಅಂದವರೂ ಇದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಸಗಣಿ ಸುಟ್ಟ ಬೂದಿ ಇದು ಅಂದ. ಹಳೇ ವಿಷಯವೇ ತಾನೆ? ಆದರೂ 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಕೃಷ್ಣಾ ನದಿಯ ಆಚೆ ಉಟ್ನೂರಿನಲ್ಲಿ ಒಂದೇ ಒಂದು ದಿಬ್ಬ ಅಗೆದಾಗ ದನದ ಗೊರಸಿನ ಗುರುತು ಸಿಕ್ಕಿತು, ದನ ಕೂಡಿಹಾಕುವ ದೊಡ್ಡಿ ಅಂತ ಗೊತ್ತಾಯಿತು. ನಮ್ಮ ಹಾಸ್ಟೆಲಿನವನು ಅದಾದ 60 ವರ್ಷಕ್ಕೆ ಮತ್ತೆ ಅದನ್ನೇ ಹಿಡಿದ, ಅವನಿಗೂ ಕೆಲಸ ಇತ್ತು. ಮಸ್ಕಿಯ ಅಶೋಕನ ಶಾಸನವೂ ಹಾಗೆ. 1915ರಲ್ಲಿ ಅದನ್ನು ಕಂಡವನು ಚಿನ್ನದ ಗಣಿ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್. ಅಶೋಕ ಅನ್ನುವ ಹೆಸರೇ ಇರುವ ಶಾಸನ ಸಿಕ್ಕಿದ್ದು ಅದೇ ಮೊದಲು. ಅವನೇನು ಯೂನಿಕ್ ಟಾಪಿಕ್ ಹುಡುಕಿಕೊಂಡು ಬಂದಿರಲಿಲ್ಲ.

ಶೋಧಗಂಗಾ ವೆಬ್‌ಸೈಟ್ ಗೊತ್ತಲ್ಲ, ಗಾಂಧಿನಗರದ ಇನ್‌ಫ್ಲಿಬ್‌ನೆಟ್‌ನವರದು, ದೇಶದ ಲಕ್ಷಗಟ್ಟಲೆ ಥೀಸಿಸ್ ಪುಕ್ಕಟೆ ಸಿಗುತ್ತವೆ. ಅಲ್ಲಿ ಟೈಟಲ್ ಓದಿ ಹೊಟ್ಟೆ ಉರಿಸಿಕೊಳ್ಳಬೇಡಿ. ಒಂದು ಹತ್ತು ಥೀಸಿಸ್ ತೆಗೆದು 'ಅಧ್ಯಯನದ ವ್ಯಾಪ್ತಿ' ಮತ್ತು 'ಮಿತಿ' ಅನ್ನುವ ಎರಡು ಪುಟ ಮಾತ್ರ ಓದಿ. ಅವರು ಎಲ್ಲಿ ಗೆರೆ ಎಳೆದರು ಅಂತ ಗೊತ್ತಾಗುತ್ತದೆ. ಈಗಿನ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಪಿಎಚ್‌ಡಿಗೆ ಕೋರ್ಸ್ ವರ್ಕ್ (ಶುರುವಿನ ತರಗತಿಗಳು) ಸೇರಿ ಕಡಿಮೆ ಅಂದರೆ ಮೂರು ವರ್ಷ, ಜಾಸ್ತಿ ಅಂದರೆ ಆರು. ಆರು ಅಂದರೆ ಜಾಸ್ತಿ ಅನ್ನಿಸುತ್ತದೆ. ನನಗೆ ಸಾಲಲಿಲ್ಲ. ಅವಧಿ ಕೇಳಿ ತಗೊಂಡು ಮುಗಿಸಿದೆ.

ಇನ್ನೊಂದು. ಬರೀ ಕೆಲಸಕ್ಕಾಗಿ ಮಾಡುವುದಾದರೆ, 2023ರ ಜುಲೈಯಿಂದ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಪಿಎಚ್‌ಡಿ ಕಡ್ಡಾಯ ಇಲ್ಲ, ನೆಟ್ (ರಾಷ್ಟ್ರ ಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ರಾಜ್ಯದ್ದು) ಸಾಕು. ಮೊದಲು ಅದನ್ನು ಪಾಸು ಮಾಡಿ. ಪಿಎಚ್‌ಡಿ ಎಲ್ಲಿಗೂ ಓಡಿ ಹೋಗುವುದಿಲ್ಲ.

ನಿಮ್ಮ ಪ್ರಶ್ನೆಗೆ ಕೆಳಗೆ ಒಬ್ಬರು 'ಗೈಡ್ ಬದಲಾಯಿಸಿ' ಅಂತ ಉತ್ತರ ಕೊಟ್ಟಿದ್ದಾರೆ. ಬೇಡ. ನಿಮ್ಮ ಗೈಡ್ ಒಳ್ಳೆಯ ವಿಷಯವನ್ನೇ ಕೊಟ್ಟಿದ್ದಾರೆ, ನಿಮಗೆ ಅದು ದಿನಾ ಕಣ್ಣಿಗೆ ಬೀಳುತ್ತದೆ ಅಂತ ಸಸಾರ. ಅಪ್ಪಿತಪ್ಪಿಯೂ 'ಬಳ್ಳಾರಿ ಜಿಲ್ಲೆಯ ಅಕ್ಕಿ ಉದ್ಯಮ: ಒಂದು ಸಮಗ್ರ ಅಧ್ಯಯನ' ಅಂತ ಬರೆಯಬೇಡಿ, ನನ್ನ ಮೇಲೆ ಆಣೆ. ಎರಡು ಮಿಲ್ ಹಿಡಿಯಿರಿ, ಒಂದು ಹಳೇದು, ಒಂದು ಹೊಸದು. ನಿಮ್ಮ ಕಡೆ ರೈತ ಭತ್ತದ ಲೆಕ್ಕ ಹೇಳುವುದು 75 ಕೆ.ಜಿ. ಚೀಲದಲ್ಲಿ, ಸರ್ಕಾರದ ದರ ಇರುವುದು ಕ್ವಿಂಟಲ್‌ನಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ತೂಕ ಎಲ್ಲಾದರೂ ಸೋರುತ್ತದೋ? ಹಸಿ ಅಂತ ಎಷ್ಟು ಮುರಿಯುತ್ತಾರೆ? ನುಚ್ಚು, ತೌಡು ಯಾರ ಪಾಲು? ಹೊಟ್ಟು ಯಾರು ಒಯ್ಯುತ್ತಾರೆ, ಎಷ್ಟಕ್ಕೆ? ಹಮಾಲರಿಗೆ ಚೀಲದ ಲೆಕ್ಕವೋ, ದಿನದ ಲೆಕ್ಕವೋ? ಸುಗ್ಗಿ ಮುಗಿದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ?

ನಾಳೆ ಬೆಳಿಗ್ಗೆ ಒಂದು ಮಿಲ್ಲಿನ ವೇಬ್ರಿಜ್ (ಲಾರಿ ತೂಗುವ ಜಾಗ) ಹತ್ತಿರ ಹೋಗಿ ನಿಂತು ನೋಡಿ. ಪುಸ್ತಕ ಮಾತ್ರ ಮೊದಲ ದಿನವೇ ಹೊರಗೆ ತೆಗೆಯಬೇಡಿ.