ಹೈ-ಪವರ್ ಟಾರ್ಚ್‌ಗೆ ಪ್ರೊಟೆಕ್ಷನ್ ಇರುವ 18650 ಸೆಲ್ (ರೀಚಾರ್ಜ್ ಮಾಡುವ ಲಿಥಿಯಂ ಸೆಲ್) ಹಾಕಬೇಕೋ, ಇಲ್ಲದ್ದೋ? ಟರ್ಬೊ (ಅತಿ ಹೆಚ್ಚು ಬೆಳಕಿನ ಮೋಡ್) ಒತ್ತಿದರೆ ಆರಿಹೋಗುತ್ತಿದೆ

ಟರ್ಬೊದಲ್ಲಿ ಆರಿ, ಸೆಲ್ ತೆಗೆದು ಹಾಕಿದರೆ ಮತ್ತೆ ಹತ್ತುತ್ತದೆ ಅಂದಿದ್ದೀರಿ. ಹಾಗಾದರೆ ಟಾರ್ಚ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಸೆಲ್ಲಿನ ಬುಡದಲ್ಲಿರುವ ಪುಟ್ಟ ಪ್ರೊಟೆಕ್ಷನ್ ಬೋರ್ಡ್, ಕರೆಂಟ್ ತನ್ನ ಮಿತಿ ದಾಟಿದ್ದಕ್ಕೆ ಟ್ರಿಪ್ ಆಗುತ್ತಿರಬೇಕು.

ಲೆಕ್ಕ ಹಾಕಿ ನೋಡಿ. ಒಂದೇ ಸೆಲ್ಲಿನ ಟಾರ್ಚ್ 35 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. 3.6 ವೋಲ್ಟ್ ಇರುವಾಗ ಅದು ಹತ್ತು ಆಂಪ್ ಹತ್ತಿರ. ಸೆಲ್ ಇಳಿದು 3 ವೋಲ್ಟ್‌ಗೆ ಬಂದರೂ ಬೆಳಕು ಕುಗ್ಗಬಾರದು ಅಂದರೆ ಡ್ರೈವರ್ (ಎಲ್ಇಡಿಗೆ ಕರೆಂಟ್ ಕೊಡುವ ಸರ್ಕ್ಯೂಟ್) ಹನ್ನೆರಡು ಆಂಪ್ ಎಳೆಯಲೇಬೇಕು. ಫುಲ್ ಚಾರ್ಜ್‌ನಲ್ಲಿ ಸರಿಯಾಗಿ ನಡೆದದ್ದು ಅರ್ಧ ಖಾಲಿಯಾದ ಮೇಲೆ ಕೈಕೊಡುವುದು ಇದಕ್ಕೇ. ಬೋರ್ಡಿನ ರೆಸಿಸ್ಟೆನ್ಸ್ ಬೇರೆ ಇದೆ: 20 ಮಿಲಿಓಮ್ ಜಾಸ್ತಿಯಾದರೆ ಹತ್ತು ಆಂಪ್‌ಗೆ 0.2 ವೋಲ್ಟ್ ನಷ್ಟ, ಎರಡು ವ್ಯಾಟ್ ಬಿಸಿ.

ಒಂದೇ ಸೆಲ್ಲಿನ ಟಾರ್ಚ್ ಆಗಿದ್ದು, ವೋಲ್ಟೇಜ್ ತೀರಾ ಇಳಿದಾಗ ತಾನೇ ಆಫ್ ಆಗುವ ವ್ಯವಸ್ಥೆ ಅದರಲ್ಲಿದ್ದರೆ, ಪ್ರೊಟೆಕ್ಷನ್ ಇಲ್ಲದ ಅಸಲಿ ಹೈ-ಡ್ರೈನ್ (ಹೆಚ್ಚು ಕರೆಂಟ್ ಕೊಡಬಲ್ಲ) ಸೆಲ್ ಹಾಕಿ. ಸ್ಯಾಮ್ಸಂಗ್ 25ಆರ್ 20 ಆಂಪ್ ಕೊಡುತ್ತದೆ, ಮೋಲಿಸೆಲ್ ಪಿ28ಎ 35 ಆಂಪ್. ಕೆಪಾಸಿಟಿ ಮಾತ್ರ 2500, 2800 ಎಂಎಎಚ್. 3400 ಎಂಎಎಚ್‌ನ ಪ್ಯಾನಾಸೋನಿಕ್ ಎನ್‌ಸಿಆರ್18650ಬಿ ಕಡಿಮೆ ಕರೆಂಟಿನ ಕೆಲಸಕ್ಕೇ ಸರಿ. 9900 ಎಂಎಎಚ್ ಅಂತ ಬರೆದಿರುವ 18650 ಕಂಡರೆ ಮುಟ್ಟಲೇಬೇಡಿ, ಅದು ನಕಲಿ.

ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು) ಎರಡು ಸೆಲ್ ಇದ್ದರೆ ನನ್ನ ಮಾತು ಬೇರೆ. ಎಷ್ಟೋ ಟಾರ್ಚ್‌ಗಳು ನೋಡುವುದು ಒಟ್ಟು ವೋಲ್ಟೇಜ್ ಮಾತ್ರ. ಒಟ್ಟು 5.6 ಇದ್ದರೆ ಎಲ್ಲ ಸರಿ ಅಂತ ಅದರ ಲೆಕ್ಕ. ಒಳಗೆ ಒಂದು 3.5ರಲ್ಲಿ, ಇನ್ನೊಂದು 2.1ರಲ್ಲಿ ಇರಬಹುದು. ಹಾಗೇ ಎಳೆಯುತ್ತಾ ಹೋದರೆ ಸೋತ ಸೆಲ್ ರಿವರ್ಸ್ ಆಗುತ್ತದೆ, ಅಂದರೆ ಅದರ ಪ್ಲಸ್-ಮೈನಸ್ ತಿರುಗುಮುರುಗಾಗುತ್ತದೆ. ಅತಿಯಾಗಿ ಇಳಿದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗತೊಡಗುತ್ತದೆ, ಮುಂದೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗುವ ಅಪಾಯ. ಇಂಥಲ್ಲಿ ಪ್ರತಿ ಸೆಲ್ಲಿಗೂ ತನ್ನದೇ ಬೋರ್ಡ್ ಇರಲಿ, ಟರ್ಬೊ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ. ಎರಡೂ ಒಂದೇ ಮಾಡೆಲ್, ಒಂದೇ ವಯಸ್ಸಿನವಾಗಿರಲಿ. ಹಾಕುವ ಮುಂಚೆ ಮಲ್ಟಿಮೀಟರ್ ಹಿಡಿದು ನೋಡಿ. ಎರಡು ವೋಲ್ಟ್‌ಗಿಂತ ಕೆಳಗೆ ಬಿದ್ದದ್ದನ್ನು ಮತ್ತೆ ಚಾರ್ಜ್‌ಗೆ ಹಾಕಬೇಡಿ.

ಉದ್ದವನ್ನೂ ಗಮನಿಸಿ. ಬರಿಯ ಸೆಲ್ 65 ಮಿಲಿಮೀಟರ್, ಬೋರ್ಡ್ ಸೇರಿದರೆ 68ರಿಂದ 70. ಟಾರ್ಚಿನಲ್ಲಿ ಹಿಡಿಸದೇ ಹೋಗಬಹುದು.

ಪ್ರೊಟೆಕ್ಷನ್ ಇಲ್ಲದ್ದು ತಗೊಂಡರೆ ಪ್ಲಸ್ ತುದಿಯ ಅಂಚನ್ನು ಆಗಾಗ ನೋಡುತ್ತಿರಿ. ಸೆಲ್ಲಿನ ಇಡೀ ಡಬ್ಬಿ, ಮೇಲಿನ ಅಂಚಿನವರೆಗೂ, ಮೈನಸ್. ಪ್ಲಸ್ ಮತ್ತು ಅದರ ನಡುವೆ ಒಂದೆರಡು ಮಿಲಿಮೀಟರ್ ಅಂತರ. ಹೊರಗಿನಿಂದ ಕಾಯುವುದು ಒಂದು ಕಾಗದದ ರಿಂಗ್, ತೆಳು ಪ್ಲಾಸ್ಟಿಕ್ ಹೊದಿಕೆ, ಅಷ್ಟೇ. ಅಲ್ಲಿ ಹೊದಿಕೆ ಹರಿದಿದ್ದರೆ ಹೊಸದು ಹಾಕುವವರೆಗೆ ಬಳಸಬೇಡಿ. ಬೀಗದ ಕೈ, ಚಿಲ್ಲರೆ ಇರುವ ಜೇಬಿಗಂತೂ ಬಿಡಿ ಸೆಲ್ ಹಾಕಲೇಬೇಡಿ, ಪ್ಲಾಸ್ಟಿಕ್ ಕೇಸ್‌ನಲ್ಲಿಡಿ.